ಕೊತ್ತಗೆರೆಗೆ ತಲುಪಿಸದ ಮಾತು

೪ ಮಾರ್ಚ್ ೨೦೨೫, ಮಂಗಳವಾರ

ತುಮಕೂರು. ಮಾಜಿ ಸೈನಿಕರ ಕ್ಲಿನಿಕ್ಕು. ಬಿಪಿ ಮಾತ್ರೆಗೆ ಎಂದಿನಂತೆ ಕ್ಯೂ. ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರು. ಶಶಿಕಲಾಗೆ ಹೇಳಬಾರದು, ಉಪ್ಪಿನಕಾಯಿ ಬಂದ್ ಮಾಡಿಬಿಡುತ್ತಾಳೆ.

ಕೌಂಟರಿನಲ್ಲಿ ಕೂಗಿದರು — “ಹೊಂಬಾಳಮ್ಮ, ವೈಫ್ ಆಫ್ ಲೇಟ್ ವೆಂಕಟರಂಗಯ್ಯ, ಕೊತ್ತಗೆರೆ.” ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ವೈರ್ ಬುಟ್ಟಿ, ಎದ್ದು ಹೋದರು.

ಮಾತ್ರೆ ತೆಗೆದುಕೊಳ್ಳಲಿಲ್ಲ. ಗುಬ್ಬಿ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟೆ. ಮೂವತ್ತೇಳು ವರ್ಷ...

೫ ಮಾರ್ಚ್

ಬರೆದುಬಿಡುತ್ತೇನೆ. ಕಟ್ಟಿಕೊಂಡ ಹೆಂಡತಿ ಶಶಿಕಲಾಗೂ ಹೇಳಿದವನಲ್ಲ.

೧೯೮೮. ನೇವಿಗೆ ಸೇರಿ ಎರಡನೇ ವರ್ಷ. ನಮ್ಮ ಹಡಗಿಗೆ ಕೆಲಸ ಒಂದೇ — ಮದ್ರಾಸಿನಿಂದ ಶ್ರೀಲಂಕಾದ ಯುದ್ಧಕ್ಕೆ ಸೈನಿಕರನ್ನು ಒಯ್ಯುವುದು, ಉಳಿದವರನ್ನು ಕರೆತರುವುದು. ಹೋಗುವಾಗ ಹಾಡು, ಇಸ್ಪೀಟು, ವಾಂತಿ. ಬರುವಾಗ ಸದ್ದೇ ಇರುತ್ತಿರಲಿಲ್ಲ.

ಅಂಥದೊಂದು ವಾಪಸು ಟ್ರಿಪ್ಪು. ಮಧ್ಯಾಹ್ನ. ಲಾರಿಗಳಿಗೆ ಬಿಗಿದ ಸರಪಳಿ ನೋಡಲು ಕೆಳಗಿನ ಡೆಕ್ಕಿಗೆ ಇಳಿದೆ. ಮೂಲೆಯಲ್ಲಿ, ಮರದ ಪೆಟ್ಟಿಗೆಯ ಮೇಲೆ ಒಬ್ಬ ಸೈನಿಕ. ಸಾಮಾನಿನ ಮೇಲೆ ಕೂರುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ನನ್ನ ಶರ್ಟಿನ ಮೇಲೆ ‘ಓಬಳಯ್ಯ’ ಎಂದಿದ್ದದ್ದು ಓದಿಕೊಂಡನೇನೋ, ಕನ್ನಡದಲ್ಲೇ ಉತ್ತರ ಬಂತು.

“ಇದು ನಂದೇ ಕಣಣ್ಣ.”

ಊರು ಕೇಳಿದೆ. ಕುಣಿಗಲ್ ಹತ್ತಿರ ಕೊತ್ತಗೆರೆ. ಹೆಸರು ವೆಂಕಟರಂಗಯ್ಯ. ನಂದು ಗುಬ್ಬಿ ಎಂದಾಗ ನಕ್ಕ. ಹಡಗು ಹೊರಳುತ್ತಿತ್ತು. ನಾನು ಕಂಬಿ ಹಿಡಿದೇ ನಿಂತಿದ್ದೆ. ಅವನು ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

“ಊರ್ಗೋದಾಗ ನಮ್ಮನೇ ತಾವ ಒಸಿ ಹೋಗು. ಹೊಂಬಾಳಿಗೆ ಹೇಳು, ನಾನು ಬಂದೆ ಅಂತ.”

ಆಯ್ತು ಎಂದೆ.

ಮದ್ರಾಸಿನಲ್ಲಿ ಆ ಪೆಟ್ಟಿಗೆ ಬಿಚ್ಚಿದರು. ಲಂಕೆಯಲ್ಲೇ ದಹನವಾದವರ ಅಸ್ಥಿ ಕುಡಿಕೆಗಳು. ಕೆಂಪು ಬಟ್ಟೆ ಕಟ್ಟಿ ಚೀಟಿ ಅಂಟಿಸಿದ್ದರು. ಒಂದರ ಮೇಲೆ ಅವನ ಹೆಸರು, ಊರು.

ನಾನು ಕೊತ್ತಗೆರೆಗೆ ಹೋಗಲಿಲ್ಲ. ಆ ರಜೆಯಲ್ಲೂ ಇಲ್ಲ, ಆಮೇಲೂ ಇಲ್ಲ. ಹೆದರಿಕೆ, ಅಷ್ಟೇ.

೧೮ ಮಾರ್ಚ್

ಕುಣಿಗಲ್ ಬಸ್ ಸ್ಟ್ಯಾಂಡ್ ತನಕ ಹೋಗಿದ್ದೆ. ಕಬ್ಬಿನ ಹಾಲು ಕುಡಿದು ವಾಪಸು. ಏನೆಂದು ಹೇಳಲಿ? ನಿಮ್ಮ ಯಜಮಾನರು ಸತ್ತ ಮೇಲೆ ಸಿಕ್ಕಿದ್ದರು ಎಂದೇ?

೨೦ ಮಾರ್ಚ್, ಗುರುವಾರ. ಸಂಜೆ ೬

ಹೋಗಿ ಬಂದೆ.

ಹೊಂಬಾಳಮ್ಮ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆ ಎಲ್ಲ ಹೇಳಿ ಮುಗಿಸಿದೆ. ಬೈಯುತ್ತಾರೆ, ಇಲ್ಲ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ.

“ಗೊತ್ತು ಬುಡಪ್ಪ. ಬಂದಿದ್ರು.”

ತಂತಿ ಬಂದು ಒಂಬತ್ತು ದಿನವಾಗಿತ್ತಂತೆ, ಅಸ್ಥಿ ಇನ್ನೂ ಬಂದಿರಲಿಲ್ಲವಂತೆ. ಮಧ್ಯಾಹ್ನ ಮನೆಯವರೆಲ್ಲ ಹೊಲದಲ್ಲಿದ್ದಾಗ ಯಜಮಾನರು ಬಾಗಿಲಲ್ಲಿ ನಿಂತಿದ್ದರಂತೆ. ತಲೆ ಕೆಟ್ಟಿದೆ ಎಂದಾರೆಂದು ಈಕೆ ಯಾರಿಗೂ ಹೇಳಿಲ್ಲ.

ಆಮೇಲೆ ನನ್ನನ್ನೇ ನೋಡುತ್ತ ಕೂತರು.

“ನೀನೂ ಜೊತೇಲಿದ್ದೆ. ಬಿಳೀ ಶರ್ಟು, ಬಿಳೀ ಪ್ಯಾಂಟು, ಬಿಳೀ ಟೋಪಿ. ಅವ್ರು ಒಳಕ್ಕೆ ಬಂದ್ರು. ನೀನು ಬೇಲಿ ತಾವೇ ನಿಂತ್ಕಂಡೆ.”

ನಾನಲ್ಲ ಎಂದೆ. ಕೊತ್ತಗೆರೆಗೆ ಕಾಲಿಟ್ಟಿದ್ದೇ ಇವತ್ತು ಎಂದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

“ಎಷ್ಟು ಕರುದ್ರೂ ಬರ್ಲಿಲ್ಲ. ಯಾಕಪ್ಪ?”

ಮೈದುನನನ್ನು ಕೇಳುವ ಹಾಗೆ, ಮೆಲ್ಲಗೆ.

೨೧ ಮಾರ್ಚ್, ಬೆಳಿಗ್ಗೆ

ಶಶಿಕಲಾಗೆ ಎಲ್ಲ ಹೇಳಿದೆ. ಕಾಫಿ ಕೊಡುವಾಗ ಒಂದೇ ಮಾತು — ಅಷ್ಟು ದೊಡ್ಡ ಊರಲ್ಲಿ ಮನೆ ಹೇಗೆ ಸಿಕ್ಕಿತು, ಯಾರನ್ನು ವಿಚಾರಿಸಿದಿರಿ ಎಂದಳು.

ಯಾರನ್ನೂ ಇಲ್ಲ. ಬಸ್ಸಿಳಿದೆ. ಎಡಕ್ಕೆ ತಿರುಗಿದೆ. ಅರಳಿಕಟ್ಟೆ ದಾಟಿ, ತಾರಸಿ ಮನೆಗಳ ಸಂದಿಯಲ್ಲಿ ನುಗ್ಗಿ — ಆಗ ಅಲ್ಲಿ ಬಯಲಿತ್ತು, ಮನೆಗಳೆಲ್ಲ ಆಮೇಲೆ ಎದ್ದಿವೆ —

ಬಯಲಿತ್ತು ಎಂದು ನನಗೆ ಹೇಗೆ ಗೊತ್ತು?