ಉಸಿರಿದೆ

ಮಾರ್ಚ್ 3, ಸೋಮವಾರ

ಅಂಗಡಿಯ ಹನ್ನೊಂದು ಮೀನಿನ ಟ್ಯಾಂಕಿನಲ್ಲೂ ಉಪ್ಪು ಚೆಕ್ ಮಾಡಿದ್ದಾಯಿತು. ಏಳನೆಯದರಲ್ಲಿ ಮತ್ತೆ ಜಾಸ್ತಿ. ಶಿಳ್ಳೆ ಹಾಕಿದರೆ ಮೀನೆಲ್ಲ ಗಾಜಿನ ಹತ್ತಿರ ಬರುತ್ತವೆ — ಹನ್ನೆರಡು ವರ್ಷದ ಅಭ್ಯಾಸ. ಶಿಳ್ಳೆಗಲ್ಲ, ನಿನ್ನ ಕೈಯಲ್ಲಿರುವ ಡಬ್ಬಿಗೆ ಬರುತ್ತವೆ ಎನ್ನುತ್ತಾರೆ ಪಂಪಣ್ಣ. ಪಂಪು ರಿಪೇರಿಯವರಿಗೆ ಮೀನಿನ ಮನಸ್ಸು ಏನು ಗೊತ್ತು.

ಮನೆಯಲ್ಲಿ ಹಾಕಿದರೆ ಅತ್ತೆಯ ರಾಗ ಶುರು. "ಹೆಂಗಸರು ಶಿಳ್ಳೆ ಹಾಕ್ತಾರೇನೇ?" ಹಾಕುತ್ತಾರೆ. ನಾನೇ ಸಾಕ್ಷಿ.

ಮಧ್ಯಾಹ್ನ ಮಾಲೀಕರು ಒಂದು ಟಬ್ ಕಲ್ಲು ಇಳಿಸಿದರು. ಯಾವುದೋ ಆಫೀಸಿನ ಉಪ್ಪುನೀರಿನ ಮೀನಿನ ಟ್ಯಾಂಕ್ ಬಿಚ್ಚಿದರಂತೆ, ಅದರೊಳಗಿದ್ದವು. ಕಲ್ಲಿನ ತುಂಬ ‘ಗುಂಡಿ’ ಎಂದು ನಾವು ಕರೆಯುವ ಸಮುದ್ರದ ಜೀವಿ. ಅಂಗಿಯ ಗುಂಡಿಯಷ್ಟೇ ಅಗಲ, ನೀರಿನಲ್ಲಿ ಹೂವಿನಂತೆ ಅರಳಿಕೊಂಡಿರುತ್ತದೆ ಈ ಪ್ರಾಣಿ. ಚೆಂದವೇನೋ ಸರಿ, ಆದರೆ ಕಳೆಯಂತೆ ಹಬ್ಬುತ್ತದೆ. "ಕುದಿಯೋ ನೀರು ಸುರಿದು ಬ್ರಷ್ ಹೊಡೀರಿ. ನಮಗೆ ಕಲ್ಲು ಖಾಲಿ ಆದ್ರೆ ಸಾಕು" ಎಂದರು ಮಾಲೀಕರು.

ಹಿಂದಿನ ರೂಮು. ಕಿಟಕಿ ಇಲ್ಲ. ಅರ್ಧ ಟಬ್ ಮುಗಿಸಿದೆ. ಮುಖಕ್ಕೆಲ್ಲ ಹಬೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಊಟ ಮಾಡಿದರೂ ಹೋಗಿಲ್ಲ.

ಮಾರ್ಚ್ 4, ಬೆಳಗ್ಗೆ 5

ನಡುಕ. ಜ್ವರ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಅತ್ತೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾರೆ. ಗಾಡಿಗೆ ಫೋನ್ ಮಾಡುತ್ತಿದ್ದಾರೆ. ಅಕ್ಷರ ಸೊಟ್ಟ.

ಮಾರ್ಚ್ 9, ಆಸ್ಪತ್ರೆ

ಐದು ದಿನ ಎಲ್ಲಿ ಹೋದವೋ. ಮೂಗಿಗೆ ಆಕ್ಸಿಜನ್ ಪೈಪ್. ಇಷ್ಟು ವರ್ಷ ಮೀನಿಗೆ ಗಾಳಿ ಪೈಪ್ ಹಾಕಿದವಳಿಗೆ ಈಗ ತನಗೇ ಒಂದು.

ಬಂದವರದೆಲ್ಲ ಒಂದೇ ಪ್ರಶ್ನೆ: "ಏನು ತಿಂದ್ರಿ?" ತಿಂದಿದ್ದಲ್ಲ, ಉಸಿರಾಡಿದ್ದು ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ದೊಡ್ಡ ಡಾಕ್ಟರು ಫೈಲಿನಲ್ಲಿ ವೈರಲ್ ಎಂದು ಗೀಚಿ ಪಕ್ಕದ ಬೆಡ್ಡಿಗೆ ಹೊರಟರು. ಅತ್ತೆ ಬಿಡಬೇಕಲ್ಲ. "ಕಲ್ಲು ತೊಳೆದ ರಾತ್ರಿನೇ ಬಿದ್ದಿದಾಳೆ ಡಾಕ್ಟ್ರೇ. ಅದನ್ನೂ ಬರ್ಕೊಳಿ, ಪೆನ್ನೇನೂ ಸವೆಯಲ್ಲ."

ಸಂಜೆ ಡ್ಯೂಟಿಯ ಡಾಕ್ಟರಮ್ಮ ಮಾತ್ರ ಸ್ಟೂಲ್ ಎಳೆದು ಕೂತರು. ಯಾವ ಕಲ್ಲು, ಎಷ್ಟು ಹೊತ್ತು, ಕಿಟಕಿ ಇತ್ತಾ... ಎಲ್ಲ ಕೇಳಿದರು.

ಮಾರ್ಚ್ 10

ಡಾಕ್ಟರಮ್ಮ ಓದಿಕೊಂಡು ಬಂದಿದ್ದಾರೆ. "ನೀವು ಹೇಳಿದ್ದೇ ಸರಿ. ಆ ಗುಂಡಿಗಳಲ್ಲಿ ಕೆಲವುಗಳ ಮೈಯಲ್ಲೇ ವಿಷ ಇರುತ್ತೆ. ನೀರೊಳಗಿದ್ರೆ ಅದರ ಪಾಡಿಗೆ ಅದು. ಬಿಸಿನೀರು ಸುರಿದು ಉಜ್ಜಿದ್ರೆ ಹಬೆ ಜೊತೆ ಎದ್ದು ನಿಮ್ಮ ಎದೆಗಿಳಿಯುತ್ತೆ." ಅದಕ್ಕೆಂದೇ ಮದ್ದಿಲ್ಲವಂತೆ. ಉಸಿರಿಗೆ ಆಸರೆ ಕೊಟ್ಟು ಕಾಯಬೇಕು. ಫೈಲಿನಲ್ಲಿ ಬರೆದರು. ಒಂದು ಕಾಪಿ ಕೇಳಿ ಇಸಿದುಕೊಂಡೆ.

ಹೆದರಿಕೆಯಾಯಿತು. ಆದರೆ ನಾನು ಸುಳ್ಳು ಹೇಳುತ್ತಿಲ್ಲ ಎಂದಾಯಿತಲ್ಲ, ಆ ಖುಷಿಯೇ ಹೆಚ್ಚು.

ಮಾರ್ಚ್ 12

ಮಾಲೀಕರು ಬಂದಿದ್ದರು. ಕೈಯಲ್ಲಿ ಸೇಬು, ಒಂದು ಕಾಗದ. ನನಗೆ ಬಂದದ್ದು ಫ್ಲೂ, ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಟೈಪ್ ಮಾಡಿಸಿದ್ದಾರೆ. ಸೈನ್ ಹಾಕಿದರೆ ಕೌಂಟರಿನಲ್ಲಿ ಕೂರುವ ಕೆಲಸ. ಹಾಕದಿದ್ದರೆ? ಸೇಬು ಒರೆಸುತ್ತಾ ಕೂತರು.

"ಆಗಿದ್ದು ಆಗೋಯ್ತು. ಗಿರಾಕಿಗಳು ಸುಮ್ನೆ ಹೆದರ್ಕೋತಾರೆ. ಯಾರ ಹತ್ರಾನೂ ಉಸಿರಬೇಡಿ."

ಉಸಿರಬೇಡಿ! ಮೂಗಲ್ಲಿ ಪೈಪ್ ಇರುವವಳಿಗೆ ಹೇಳುವ ಮಾತೇ ಇದು. ನಗು ಬಂತು, ನಗು ಕೆಮ್ಮಾಯಿತು, ನರ್ಸ್ ಓಡಿಬಂದು ಅವರನ್ನು ಹೊರಗೆ ಕಳಿಸಿದಳು.

ಕಾಗದ ದಿಂಬಿನಡಿ ಇದೆ. ಸೈನ್ ಹಾಕಿಲ್ಲ. ಹರಿದೂ ಇಲ್ಲ. ಈ ಎದೆ ಇಟ್ಟುಕೊಂಡು ಹೋದರೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಮಾರ್ಚ್ 17, ಮನೆ

ಹದಿನಾಲ್ಕು ಮೆಟ್ಟಿಲು. ಮೂರು ಸಲ ನಿಂತೆ. ಶಿಳ್ಳೆ ಹಾಕಿ ನೋಡಿದೆ — ಬರೀ ಗಾಳಿ. ಅಡುಗೆಮನೆಯಿಂದ ಅತ್ತೆ, "ಬರುತ್ತೆ ಬಿಡೇ, ಎಲ್ಲೂ ಹೋಗಿರಲ್ಲ." ಬೈಯಲಿಲ್ಲ. ಅದಕ್ಕೇ ಅಳು ಬಂತು.

ಸಂಜೆ ಪಂಪಣ್ಣನ ಫೋನ್. "ಫ್ಲೂ ಹೇಗಿದೆಯಮ್ಮ? ನೀನು ಬಿಟ್ಟ ಅರ್ಧ ಟಬ್ ನಾಳೆ ನನ್ನ ಪಾಲಿಗೆ."

ಅವರಿಗೆ ಐವತ್ತೆಂಟು ವಯಸ್ಸು. ಜೇಬಿನಲ್ಲಿ ಸದಾ ಇನ್ಹೇಲರ್. ಎಲ್ಲ ಹೇಳಿದೆ. ನಕ್ಕುಬಿಟ್ಟರು. "ಹೂವಿಗೆ ಹೆದರೋದಾ? ಬಾಯಿಗೆ ಬಟ್ಟೆ ಕಟ್ಕೋತೀನಿ. ರಿಟೈರ್ ಆಗೋ ಹೊತ್ತಲ್ಲಿ ಮಾಲೀಕರ ಹತ್ರ ಜಗಳ ಯಾಕೆ ಹೇಳು."

ನಾನು ಉಸಿರದಿದ್ದರೆ ಅವರ ಉಸಿರು ಹೋಗುತ್ತದೆ. ಮಾಲೀಕರ ಕಾಗದ ತೆಗೆದು ಹರಿದೆ. ಎಂಟು ತುಂಡು.

ಮಾರ್ಚ್ 18, ಬೆಳಗ್ಗೆ 10.20, ಅಂಗಡಿ

ಹಿಂದಿನ ರೂಮಿನಲ್ಲಿ ಟಬ್ಬಿನ ಮುಚ್ಚಳದ ಮೇಲೆ ಕೂತು ಬರೆಯುತ್ತಿದ್ದೇನೆ; ಬಾಗಿಲು ತೆರೆದಿದೆ, ಅಂಗಡಿಯೆಲ್ಲ ಕಾಣುತ್ತದೆ. ಕಲ್ಲು ನನ್ನ ಕೆಳಗೆ, ನೀರೊಳಗೆ ಭದ್ರ. ನೀರು ಕಾಯಿಸುವ ಕೆಟಲ್ಲಿನ ವಯರ್ ನನ್ನ ಬ್ಯಾಗಿನಲ್ಲಿ. ಡಾಕ್ಟರಮ್ಮ ಬರೆದ ಕಾಪಿ ಮುಂದಿನ ಗಾಜಿನ ಬಾಗಿಲಿಗೆ, ಹೊರಗಿನವರಿಗೆ ಕಾಣುವ ಹಾಗೆ, ನಾಲ್ಕೂ ಮೂಲೆಗೆ ಟೇಪ್.

ಅಂಗಡಿಗೆ ಬಂದಿದ್ದ ಮೂವರಿಗೂ ಹೇಳಿದೆ. ಒಂದು ವಾಕ್ಯಕ್ಕೆ ಒಂದು ಸಲ ನಿಂತು, ಉಬ್ಬಸ ಪಡುತ್ತಾ, ಪೂರ್ತಿ ಹೇಳಿದೆ. ಅವರಲ್ಲೊಬ್ಬಾಕೆಯ ಮುಖ ಬಿಳುಚಿತು. "ನಮ್ಮನೆ ಟ್ಯಾಂಕಲ್ಲೂ ಇವೆ. ಭಾನುವಾರ ಬಿಸಿನೀರು ಹಾಕೋಣ ಅಂತಿದ್ದೆ."

ಪಂಪಣ್ಣ ಕನ್ನಡಕ ಏರಿಸಿ ಕಾಪಿಯನ್ನು ಎರಡು ಸಲ ಓದಿದರು. ಬ್ರಷ್ ಮೂಲೆಗೆ ಎಸೆದು ಬಂದರು. "ಸ್ವಲ್ಪ ಸರ್ಕೊಳಮ್ಮ." ಈಗ ಮುಚ್ಚಳದ ಮೇಲೆ ಇಬ್ಬರು.

ಮಾಲೀಕರು ಫೋನಿನಲ್ಲೇ ಕೂಗಾಡಿದರು. ಎದ್ದು ಹೋಗದಿದ್ದರೆ ಕೆಲಸ ಹೋಯಿತು ಅಂದುಕೊಳ್ಳಬೇಕಂತೆ. ಅಂದುಕೊಂಡೆ. ಎದ್ದಿಲ್ಲ.

ಆಮೇಲೆ ಅತ್ತೆಯ ಫೋನ್. ಗಾಬರಿಯ ದನಿ. "ಮೆಟ್ಟಿಲಿಳಿದು ಅಷ್ಟು ದೂರ ಹೋಗಿದ್ಯಲ್ಲೇ. ಉಸಿರಿದೆಯಾ?"

"ಉಸಿರಿದೆ ಅತ್ತೆ. ಎಲ್ಲರ ಮುಂದೆ."

ಆ ಕಡೆ ನಗು. "ಹಾಗಾದ್ರೆ ಅಲ್ಲೇ ಕೂತಿರು."

ಕಾರು ನಿಂತಿತು. ಮಾಲೀಕರು ಬಾಗಿಲ ಹೊರಗೆ ನಿಂತು ಕಾಪಿ ಓದುತ್ತಿದ್ದಾರೆ. ಅವರ ಹಿಂದೆ ಇನ್ನಿಬ್ಬರು ನಿಂತು ಓದುತ್ತಿದ್ದಾರೆ. ಪಂಪಣ್ಣ ಮೊಣಕೈಯಲ್ಲಿ ತಿವಿದು, "ಹಾಕು ನೋಡೋಣ ನಿನ್ನ ಶಿಳ್ಳೆ" ಎಂದರು. ತುಟಿ ಒದ್ದೆ ಮಾಡಿಕೊಂಡೆ. ಮೊದಲು ಗಾಳಿ. ಮತ್ತೆ ಗಾಳಿ. ಆಮೇಲೆ ಸಣ್ಣಗೆ —