ಅರವತ್ತನೆಯ ನಂಬರಿನ ಕ್ಲಿಪ್ಪು

ಇಳಕಲ್ಲ
೧೩ ಫೆಬ್ರುವರಿ ೨೦೧೭, ಸೋಮವಾರ

ಆತ್ಮೀಯ ದಸ್ತಗೀರಸಾಬರಿಗೆ ಶಂಕರಲಿಂಗನ ಶರಣು.

ಹುನಗುಂದದಲ್ಲಿ ನೀವೆಲ್ಲ ಕ್ಷೇಮವೆಂದೂ, ನಿಮ್ಮ ಮೊಣಕಾಲು ನೋವು ಇಳಿದಿದೆಯೆಂದೂ ಯಂಕಪ್ಪನಿಂದ ತಿಳಿದು ಸಮಾಧಾನವಾಯಿತು. ನೀವು ಫೋನು ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ, ಕ್ಷಮೆಯಿರಲಿ. ಫೋನಿನಲ್ಲಿ ನನ್ನ ವಾಕ್ಯಕ್ಕೆ ಕ್ರಿಯಾಪದ ಬರುವ ಮೊದಲೇ ನೀವು ನಗುತ್ತೀರಿ. ಒಂದೇ ಶಾಲೆಯಲ್ಲಿ ನಾನು ವಿಜ್ಞಾನ, ನೀವು ಚಿತ್ರಕಲೆ ಕಲಿಸುತ್ತಿದ್ದಾಗಲೂ ಶಿಕ್ಷಕರ ಸಭೆಯಲ್ಲಿ ನಿಮ್ಮದು ಇದೇ ಚಾಳಿ. ಪತ್ರದಲ್ಲಿ ಆ ಸೌಲಭ್ಯ ನಿಮಗಿಲ್ಲ.

ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ: ನನಗೆ ಸಿಟ್ಟಿಲ್ಲ. ನಮ್ಮ ಮಾದರಿ ವಿಮಾನಗಳನ್ನು ನೆಲದಿಂದ ನಡೆಸಲು ನಾವಿಬ್ಬರೂ ಒಂದೇ ಅಂಗಡಿಯಿಂದ ತರಿಸಿದ ಟ್ರಾನ್ಸ್‌ಮಿಟರುಗಳಿಗೆ ತರಂಗ ಗೊತ್ತುಮಾಡುವ ಕ್ರಿಸ್ಟಲ್ ಒಂದೇ ನಂಬರಿನದು ಬಂತು, ಅರವತ್ತು. ಇಬ್ಬರೂ ಒಮ್ಮೆಲೇ ಚಾಲೂ ಮಾಡಿದರೆ ಎರಡೂ ವಿಮಾನಗಳು ನೆಲಕ್ಕೆ ಬೀಳುವವು. ಯಾರು ತಮ್ಮ ಕ್ರಿಸ್ಟಲ್ ಬದಲಿಸಬೇಕೆಂಬ ನಮ್ಮ ವಾದ ಹನ್ನೊಂದು ವರ್ಷವಾದರೂ ತೀರ್ಮಾನವಾಗಲಿಲ್ಲ. ಆದ್ದರಿಂದಲ್ಲವೆ ನೀವು ಒಂದು ಕೆಂಪು ಬಟ್ಟೆ ಕ್ಲಿಪ್ಪಿನ ಮೇಲೆ ಬಿಳಿ ಬಣ್ಣದಿಂದ ‘೬೦’ ಎಂದು ಬರೆದದ್ದು? ಕ್ಲಿಪ್ಪು ಯಾರ ಜೇಬಿನ ಮೇಲೋ ಅವರು ಹಾರಿಸಬೇಕು; ಇನ್ನೊಬ್ಬರು ಸ್ವಿಚ್ಚು ಮುಟ್ಟದೆ ನಿಂತು ನೋಡಬೇಕು. ಕಳೆದ ತಿಂಗಳು ಬಾದಾಮಿಯ ಬಯಲಿಗೆ ನೀವು ಹೊಸ ಸೆಟ್ಟು ಹಿಡಿದು ಬಂದಿರಿ. ತನಗೆ ಬೇಕಾದ ತರಂಗವನ್ನು ತಾನೇ ಹುಡುಕಿಕೊಳ್ಳುವ ಯಂತ್ರ. ಕ್ಲಿಪ್ಪನ್ನು ನನ್ನ ಅಂಗೈಯಲ್ಲಿಟ್ಟು, “ಇನ್ನ ಇದರ ಹಂಗ ಹರೀತ್ರಿ ಮಾಸ್ತರ! ಇಬ್ರೂ ಕೂಡೇ ಹಾರಸೋಣು” ಎಂದಿರಿ. ನಾನು “ಸಂತೋಷ” ಎಂದೆ. ಬಸ್ಸು ಸಿಕ್ಕಿತು, ಬಂದೆ.

ಮುಂದಿನ ವಾರ ಯಂಕಪ್ಪನ ಬೀಳು ಹೊಲದಲ್ಲಿ ಒಬ್ಬನೇ ಹಾರಿಸಿದೆ. ವಿಮಾನ ನೇರವಾಗಿ ಅವನ ಬಾವಿಗೆ ಹೋಯಿತು. ಯಂಕಪ್ಪ ಅದನ್ನು ಬುಟ್ಟಿಯಲ್ಲಿ ಎತ್ತಿ ತಂದು, “ನೀರ ಕುಡ್ಯಾಕ ಇಳದಿತ್ರಿ ಮಾಸ್ತರ, ಪಾಪ” ಎಂದ. ವಿಮಾನದ ಹೊಟ್ಟೆಯಲ್ಲಿ ಕುಳಿತು ನನ್ನ ಆಜ್ಞೆ ಕೇಳುತ್ತಿದ್ದ ರಿಸೀವರ್ ಹಾಳಾಯಿತು. ಅದರ ಕ್ರಿಸ್ಟಲ್ ಬಾವಿಯ ಪಾಲಾಯಿತು.

“ದಸ್ತಗೀರ ಅಣ್ಣಾರು ತಂದಾರಲ್ಲ, ಅಂಥಾದ್ದ ನೀವೂ ತರಸ್ರಿ. ಈ ನಂಬರಿನ ಕಾಟನ ಇಲ್ಲಂತ ಅದಕ್ಕ” ಎಂದಳು ನನ್ನಾಕೆ ಸುನಂದಾ. ನಾನು ಒಪ್ಪಲಿಲ್ಲ. ಬಾಗಲಕೋಟೆಯಲ್ಲಿ ರೇಡಿಯೊ ಅಂಗಡಿಯಿಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿ ಅರ್ಬಾಜನಿಗೆ, ಅರವತ್ತನೆಯ ನಂಬರಿನ ಹಳೆಯ ರಿಸೀವರ್ ಕ್ರಿಸ್ಟಲ್ ಸಮೇತ ಬೇಕೆಂದು ಹೇಳಿದೆ. ಅವನು ಎಲ್ಲಿಂದಲೋ ಹುಡುಕಿ ಕಳಿಸಿದ.

ಅದನ್ನು ವಿಮಾನದಲ್ಲಿ ಕೂರಿಸಿ, ಸುನಂದಾಳನ್ನೂ ನೆರೆಮನೆಯ ಫರಹಾನಾಳನ್ನೂ ಅಂಗಳಕ್ಕೆ ಕರೆದೆ. ಹಳತನ್ನು ಹಾಸ್ಯ ಮಾಡುವವರು ಕಣ್ಣಾರೆ ನೋಡಲಿ ಎಂಬುದು ನನ್ನ ಉದ್ದೇಶ. ಟ್ರಾನ್ಸ್‌ಮಿಟರಿನಲ್ಲಿ ಅರವತ್ತು, ರಿಸೀವರಿನಲ್ಲಿ ಅರವತ್ತು. ಕಡ್ಡಿಯನ್ನು ಎಡಕ್ಕೆ ತಳ್ಳಿದೆ, ಬಲಕ್ಕೆ ತಳ್ಳಿದೆ. ವಿಮಾನದ ಬಾಲ ಮಿಸುಕಲಿಲ್ಲ.

“ಎಷ್ಟ ಕರದ್ರೂ ಓ ಅನವಲ್ದು. ಸಿಟ್ಟಿಗೆದ್ದೈತೇನ್ರಿ ಮಾಸ್ತರ?” ಎಂದಳು ಫರಹಾನಾ.

“ನಮ್ಮನಿಯವರ ಗಾಳಿ ಬಡದೈತವ್ವಾ ಅದಕ್ಕ” ಎಂದಳು ಸುನಂದಾ.

ಬ್ಯಾಟರಿ ಬದಲಿಸಿದೆ, ಆಂಟೆನಾ ಬಿಡಿಸಿ ಕಟ್ಟಿದೆ. ಕೊನೆಗೆ ಅರ್ಬಾಜನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಸತ್ತ ಮಾಲು ಕಳಿಸಿದ್ದಕ್ಕೆ ತರಾಟೆಗೆ ತೆಗೆದುಕೊಂಡೆ.

“ಸರ, ಅದರ ಬೆನ್ನಿಗಿರೋ ಚೀಟಿ ಓದ್ರಿ” ಎಂದ.

ಭೂತಗನ್ನಡಿ ಹಿಡಿದು ಓದಿದೆ. ಮೂವತ್ತೈದು ಮೆಗಾಹರ್ಟ್ಸ್. ನಮ್ಮ ಟ್ರಾನ್ಸ್‌ಮಿಟರುಗಳದು ಎಪ್ಪತ್ತೆರಡು. ಚಿತ್ರಕಲೆಯವರಾದ ನಿಮಗೆ ತಿಳಿಯುವಂತೆ ಹೇಳುವುದಾದರೆ, ಆವರ್ತನ ಪಟ್ಟಿಯೆಂಬುದು ಶಾಲೆ. ಕ್ರಿಸ್ಟಲಿನ ನಂಬರು ಹಾಜರಿಯ ಕ್ರಮಾಂಕ. ಹುನಗುಂದದ ಶಾಲೆಯಲ್ಲಿ ನಿಂತು “ಅರವತ್ತು” ಎಂದು ಕೂಗಿದರೆ ಬಾದಾಮಿಯ ಶಾಲೆಯ ಅರವತ್ತನೆಯವನು “ಹಾಜರ್ ಸರ” ಎನ್ನುವನೆ?

“ನೀವು ಅರವತ್ತ ಅಂದ್ರಿ, ಅರವತ್ತ ಕಳಿಸೇನಿ. ಎಷ್ಟ ಮೆಗಾಹರ್ಟ್ಸಿಂದು ಅಂತ ಹೇಳಲೇ ಇಲ್ಲಲ್ರಿ ಸರ” ಎಂದ ಅರ್ಬಾಜ.

ಸುನಂದಾ ನನ್ನತ್ತ ತಿರುಗಿದಳು. “ಅಲ್ರಿ, ಬರೇ ಅಂಕಿ ಬರದು ಮಾನಾ ಬರೀಲಿಲ್ಲಂದ್ರ ಹುಡುಗೂರಿಗೆ ನೀವು ಎಷ್ಟ ಕೊಡ್ತಿದ್ರಿ?”

ಪ್ರಶ್ನೆ ಕೇಳಿದ್ದು ನನಗೆ. ಉತ್ತರ ಬಂದದ್ದು ಬಾಗಲಕೋಟೆಯಿಂದ: “ಸೊನ್ನಿರೀ ಅಕ್ಕಾರ! ನನಗ ಎರಡ ಸಲ ಕೊಟ್ಟಾರ!”

ಫರಹಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಗೆ ಓಡಿದಳು. ಇಷ್ಟು ಓದುವಾಗ ನೀವೂ ನಗುತ್ತಿರುವಿರೆಂದು ಬಲ್ಲೆ, ನಗಿರಿ.

ಅರ್ಬಾಜ ಸರಿಯಾದ ಪಟ್ಟಿಯ ರಿಸೀವರನ್ನು ಮರುವಾರವೇ ಕಳಿಸಿದ. ಆಂಟೆನಾ ಮಡಚಿ, ದೂರ ನಡೆದು, ವಿಧಿವತ್ತಾಗಿ ಪರೀಕ್ಷಿಸಿದ ಮೇಲೆ ನಿನ್ನೆ ರವಿವಾರ ಯಂಕಪ್ಪನ ಹೊಲದಲ್ಲಿ ಹಾರಿಸಿದೆ. ಹಾರಾಟ ತೃಪ್ತಿಕರವಾಗಿತ್ತು.

ಸುನಂದಾ ನಿಮ್ಮ ಮನೆಯವರಿಗೆಲ್ಲ ನಮಸ್ಕಾರ ತಿಳಿಸಿದ್ದಾಳೆ. ಶೇಂಗಾ ಹೋಳಿಗೆ ಕಟ್ಟಿಡುವಳಂತೆ. ನಿಮ್ಮ ಮೊಣಕಾಲಿಗೂ, ಆ ಹೊಸ ಯಂತ್ರಕ್ಕೂ ಆಯುಷ್ಯವಿರಲಿ.

ನಿಮ್ಮವನೇ ಆದ
ಶಂಕರಲಿಂಗ

ತಾ.ಕ.: ನಿನ್ನೆಯ ಹಾರಾಟದ ಕುರಿತು ಒಂದು ಸಂಗತಿ ಬಿಟ್ಟಿದ್ದೆ. ವಿಮಾನ ಒಮ್ಮೆಯೂ ಕುಪ್ಪಳಿಸದೆ, ಪಲ್ಟಿ ಹೊಡೆಯದೆ ಇಳಿಯಿತು. ಉರುಳುತ್ತ ಬಂದು ನನ್ನ ಚಪ್ಪಲಿಯ ಮುಂದೆ ನಿಂತಿತು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. “ನೋಡಿದಿರಾ?” ಎಂದು ತಿರುಗಿದೆ. ಕ್ಲಿಪ್ಪಿಲ್ಲದವರು ನಿಲ್ಲುವ ಜಾಗದಲ್ಲಿ ಯಂಕಪ್ಪನ ಎಮ್ಮೆ ನಿಂತಿತ್ತು. ನನ್ನ ಕೆಟ್ಟ ಇಳಿತಗಳನ್ನೆಲ್ಲ ನೋಡಿದವರು ನೀವು. ಒಳ್ಳೆಯದೊಂದನ್ನು ಅದು ನೋಡಿತು, ಅದೂ ಮೆಲುಕು ಹಾಕುತ್ತ. ಕ್ಲಿಪ್ಪನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ನಿಮ್ಮ ಯಂತ್ರಕ್ಕೆ ಅದರ ಅಗತ್ಯವಿಲ್ಲವೆಂಬುದು ನನಗೆ ಗೊತ್ತು. ಆದರೂ ಬರುವ ರವಿವಾರ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಬಯಲಿಗೆ ಬನ್ನಿರಿ. ಮೊದಲ ಸರದಿ ನಿಮ್ಮದು, ನಾನು ನಿಂತು ನೋಡುತ್ತೇನೆ.