ಬೆನ್ನ ಹಿಂದಿನ ಕೈ

೧೧ ಜನವರಿ ೧೯೫೪, ಸೋಮವಾರ
ಡ್ರಿಲ್ ಪೀರಿಯಡ್. ದ್ರಾಕ್ಷಾಯಣಿ ಇಂದೂ ಗೋಡೆಗೊರಗಿ ಕೂತಳು. ಹತ್ತು ವರ್ಷದ ಹುಡುಗಿ. ತುಸು ಓಡಿದರೆ ಏದುಸಿರು. ದವಾಖಾನೆಗೆ ನಾನೇ ಕರೆದೊಯ್ದೆ. ಡಾಕ್ಟರ್ ಕಣ್ಣರೆಪ್ಪೆ ಬಿಡಿಸಿ ನೋಡಿದರು. ಔಷಧಕ್ಕಿಂತ ಬಿಸಿಲು ಬೇಕು, ಆಟ ಬೇಕು ಅಂದರು. ಶಾಲೆ ಬಿಟ್ಟೊಡನೆ ಅವಳು ಸೇರುವುದು ಮಗ್ಗದ ಕೋಣೆ. ದೀಪ ಹಚ್ಚುವ ತನಕ ಕಂಡಿಕೆಗೆ ರೇಷ್ಮೆ ನೂಲು ಸುತ್ತುವುದು...

೧೩ ಜನವರಿ
ಅವಳ ಮನೆಗೆ ಹೋಗಿದ್ದೆ. ತಾಯಿ ವೀರವ್ವ ಮಗ್ಗದಿಂದ ಏಳಲಿಲ್ಲ. ಮಗಳ ಕೈಯಿಂದ ನೀರು ಕೊಡಿಸಿದಳು. ಸಂಜೆ ಒಂದು ತಾಸು ಆಟಕ್ಕೆ ಬಿಡಲು ಕೇಳಿದೆ. ಮಗಳ ಅಂಗೈ ಹಿಡಿದು ನನ್ನ ಮುಂದೆ ಚಾಚಿದಳು.
"ನೋಡ್ರಿ ಅಕ್ಕಾರ, ಬೆಣ್ಣಿ ಇದ್ದಂಗ ಅದಾವ. ಮಣ್ಣಾಗ ಆಡಿ ಬಿರಸಾದ್ರ ರೇಶಿಮಿ ಎಳಿ ಸಿಕ್ಕೊಂಡು ಹರೀತೈತಿ. ಆಮ್ಯಾಲ ನೀವು ಬಂದು ಸುತ್ತತೀರೇನು?"
ಹಲಗೆಯ ಮೇಲೆ ಬರೆಯುವ ಖಡು ಹಿಡಿದು ಒರಟಾದ ನನ್ನ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

೨೦ ಜನವರಿ
ಕುಂಟಾಟ ಹೊಳೆಯಿತು. ಬಿಲ್ಲೆ ಎಸೆಯುವುದು ಗೆಳತಿ ಕಾಶೀಂಬಿ; ಕುಂಟುವುದು ದ್ರಾಕ್ಷಾಯಣಿ. ಕೈ ಬೆನ್ನ ಹಿಂದೆ. ನೆಲ ಮುಟ್ಟಬಾರದು. ಈ ಕರಾರು ನನ್ನದೇ. ವೀರವ್ವ ಒಪ್ಪಿದಳು.
"ಪೋಲೀಸ್ರು ಹಿಡ್ಕೊಂಡು ಹೊಂಟಾಂಗ ಕಾಣ್ತಿ ನೋಡವಾ," ಅಂದಳು ಕಾಶೀಂಬಿ. ದ್ರಾಕ್ಷಾಯಣಿ ನಕ್ಕಿದ್ದನ್ನು ಇಂದೇ ಮೊದಲು ಕಂಡೆ.

೯ ಫೆಬ್ರವರಿ
ಗುಡ್ಡದ ನೆರಳು ಶಾಲೆಯ ಅಂಗಳಕ್ಕೆ ಬರುವವರೆಗೂ ಆಡಿದರು. ಈಗ ಬೇರೆ ನೇಕಾರರ ಹುಡುಗಿಯರೂ ಅದೇ ಕರಾರಿನ ಮೇಲೆ, ಕೈ ಬೆನ್ನ ಹಿಂದೆ ಕಟ್ಟಿ, ಆಟಕ್ಕೆ ಸೇರಿದ್ದಾರೆ. ಕೆನ್ನೆಗೆ ಬಣ್ಣ ಬಂದಿದೆ. ಇನ್ನೊಂದು ರೊಟ್ಟಿ ಕೇಳುತ್ತಾಳಂತೆ. ವೀರವ್ವ ಅದನ್ನು ದೂರಿನಂತೆ ಹೇಳಿದಳು, ಮುಖದಲ್ಲಿ ದೂರು ಇರಲಿಲ್ಲ.
ಬಂಗಾಲಿಯಿಂದ ಅನುವಾದವಾದ ಒಂದು ಕಾದಂಬರಿ ಓದುತ್ತಿದ್ದೇನೆ. ಅದರಲ್ಲಿ ಮಕ್ಕಳು ದಿನವೂ ಬೀಳುತ್ತಾರೆ. ಮುಂದಿನ ವಾಕ್ಯದಲ್ಲೇ ಎದ್ದು ಓಡುತ್ತಾರೆ.

೧೭ ಫೆಬ್ರವರಿ, ಸಂಜೆ
ಕುಂಟುತ್ತ ಗೆರೆ ದಾಟುವಾಗ ಎಡವಿದಳು. ಬೀಳುವವರು ಕೈ ಊರುತ್ತಾರೆ. ಅವಳು ಊರಲಿಲ್ಲ. ಮುಖವೇ ಕಲ್ಲಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಹೋದವು — ಹಾಲುಹಲ್ಲಲ್ಲ. ಗದ್ದ ಸೀಳಿತು. ದವಾಖಾನೆಗೆ ಎತ್ತಿಕೊಂಡು ಓಡಿದೆ.
ವೀರವ್ವ ಬಂದವಳು ಮೊದಲು ಮಗಳ ಅಂಗೈಗಳನ್ನು ತಿರುವಿ ನೋಡಿದಳು. ಆಮೇಲೆ ಮುಖ. ಅಲ್ಲೇ ಕುಸಿದು ಕೂತಳು.
ಹುಡುಗಿ ರಕ್ತದ ಬಾಯಲ್ಲೇ ಹೇಳಿದಳು: "ಯವ್ವಾ, ಕೈಗೇನೂ ಆಗಿಲ್ಲ ನೋಡಬೇ."

೩ ಮಾರ್ಚ್
ಶಾಲೆಗೆ ಬರುತ್ತಿಲ್ಲ. ಮನೆಗೆ ಹೋದೆ. ಕತ್ತಲ ಕೋಣೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ವೀರವ್ವ ಬೈಯಲಿಲ್ಲ. ನೀರು ಕೊಡಿಸಲೂ ಇಲ್ಲ. ದ್ರಾಕ್ಷಾಯಣಿ ತುಟಿ ಬಿಚ್ಚದೆ ನಕ್ಕಳು. ನನಗಾಗಿ ಎದ್ದು ನಿಂತಳು; ಅಷ್ಟಕ್ಕೇ ಏದುಸಿರು.

೪ ಮಾರ್ಚ್
ಡ್ರಿಲ್ ಪೀರಿಯಡ್. ಬಿದ್ದರೆ ಮೊದಲು ಕೈ ಊರಬೇಕು ಎಂದು ಹುಡುಗಿಯರಿಗೆ ಹೇಳಿದೆ. ಮುಂದೆ ಬಾಗಿ, ನೆಲಕ್ಕೆ ಕೈ ಊರಿ ತೋರಿಸಿರಿ ಅಂದೆ. ಕಾಶೀಂಬಿ ಊರಿದಳು. ನೇಕಾರರ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿದರು. ಕೈಗಳು ಬೆನ್ನ ಹಿಂದೆಯೇ —